ಎದುರು ಮನೆಯ ಅಕ್ಕನಿಗೆ ನಾನು ಮ್ಯಾನೇಜರ್ ಆದದ್ದು

ಮೊನ್ನೆ ಮನೆಗೆ ಹೊಸ ಮಿಕ್ಸಿ ಬಂತು. ಅಪ್ಪ ಡಬ್ಬಿ ಬಿಚ್ಚಿದ, ಅಮ್ಮ ಜಾರ್ ತೊಳೆದಳು, ನಾನು ಮಾತ್ರ ಒಳಗಿದ್ದ ಕನ್ನಡ ಕೈಪಿಡಿ ಹಿಡಿದು ಕೂತೆ. ಇಡೀ ಯಲ್ಲಾಪುರದಲ್ಲಿ ಆ ಕಾಗದವನ್ನು ಕೊನೆಯ ಸಾಲಿನವರೆಗೂ ಓದುವವಳು ನಾನೊಬ್ಬಳೇ. ಅದಕ್ಕೆ ಕಾರಣ ಎದುರು ಮನೆಯ ಅಕ್ಕ...

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವಳು ಎದುರಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದು, ಇಂಥ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುತ್ತಿದ್ದಳು. ಕೆಲಸ ಕೊಡುತ್ತಿದ್ದವನು ಹುಬ್ಬಳ್ಳಿಯ ಒಬ್ಬ ಏಜೆಂಟ್. ನಾಲ್ಕು ತಿಂಗಳಿಂದ ಅವನು ದುಡ್ಡು ಕೊಟ್ಟಿರಲಿಲ್ಲ. ಬಾಡಿಗೆ ಬಾಕಿ ಉಳಿದು, ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿಯಾಗಿತ್ತು. ಆದರೂ ಅವನು ಫೋನ್ ಮಾಡಿದರೆ, ಬ್ಲೇಡಿಗೆ ಅಲಗು ಎನ್ನುವುದೋ ಬ್ಲೇಡ್ ಎಂದೇ ಬಿಡುವುದೋ ಎಂದು ಅಕ್ಕ ಅರ್ಧ ಗಂಟೆ ನಗುನಗುತ್ತ ಚರ್ಚಿಸುತ್ತಿದ್ದಳು. ದುಡ್ಡಿನ ಸುದ್ದಿಯೇ ಇಲ್ಲ.

ಇಂಗ್ಲಿಷ್ ಭಾಷಣಕ್ಕೆ ಮೂರು ಸ್ಟೀಲ್ ಡಬ್ಬಿ ಗೆದ್ದವಳು ನಾನು, ಸುಮ್ಮನಿರುವುದು ಹೇಗೆ? ಅಕ್ಕ ಸ್ನಾನಕ್ಕೆ ಹೋದಾಗ ಅವಳ ಫೋನಿನಿಂದಲೇ ಏಜೆಂಟನಿಗೆ ಕರೆ ಮಾಡಿ, ನಾನು ಅವಳ ಮ್ಯಾನೇಜರ್ ಎಂದೆ. ಧ್ವನಿ ಎಷ್ಟು ದಪ್ಪ ಮಾಡಿದ್ದೆನೆಂದರೆ ಮೂರು ದಿನ ಗಂಟಲು ನೋವು. ದುಡ್ಡು ಬರುವವರೆಗೆ ಈಗ ಅನುವಾದವಾಗುತ್ತಿರುವ ಕುಕ್ಕರ್ ಕೈಪಿಡಿಯ ಎಚ್ಚರಿಕೆ ಪುಟ ಕಳಿಸುವುದಿಲ್ಲ, ಯಾರ ಮನೆಯಲ್ಲಾದರೂ ಸಿಡಿದರೆ ಜವಾಬ್ದಾರಿ ನಿಮ್ಮದು ಎಂದೆ. ಇನ್ನು ಫೋನ್ ಮಾಡಬೇಡಿ, ಏನಿದ್ದರೂ ಮೇಲ್ ಕಳಿಸಿ ಎಂದೂ ಸೇರಿಸಿದೆ. ಆ ಕಡೆಯಿಂದ ಬರೀ ಮೇಡಂ, ಮೇಡಂ.

ಎರಡೇ ದಿನಕ್ಕೆ ಅಷ್ಟೂ ದುಡ್ಡು ಬಂತು. ನಾನು ಎದೆಯುಬ್ಬಿಸಿ ಎಲ್ಲ ವರದಿ ಒಪ್ಪಿಸಿದೆ. ಅಕ್ಕ ನಗಲಿಲ್ಲ, ಫೋನ್ ಮಾಡಬೇಡಿ ಎಂದದ್ದನ್ನೇ ಹಿಡಿದಳು.

"ಫೋನ್ ಮಾಡಡಿ ಹೇಳಿ ಹೇಳಿದ್ಯ?"

"ಮತ್ತೆಂತ? ದುಡ್ಡು ಬಂತಲೆ."

"ದುಡ್ಡು ಬಂತು ಕೂಸೆ. ದಿನಾ ಯನ್ನ ಹತ್ರ ಮಾತಾಡಲೆ ಇದ್ದಿದ್ದು ಅವ ಒಬ್ನೇ."

ದಿನಾ ಅವಳ ಮನೆಗೆ ಹೋಗಿ ಅವಲಕ್ಕಿ ತಿಂದು ಬರುತ್ತಿದ್ದ ನಾನು ಲೆಕ್ಕಕ್ಕೇ ಇಲ್ಲವೇ ಎಂದು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ... ಅಲ್ಲಿ ಮಾತಾಡುತ್ತಿದ್ದದ್ದು ಬರೀ ನಾನು.

ಮುಂದೆ ಕೆಲಸ ಮೇಲ್‌ನಲ್ಲಿ ಬಂತು, ದುಡ್ಡೂ ಸರಿಯಾಗಿ ಬಂತು. ಫೋನ್ ಬರಲಿಲ್ಲ. ಕೆಲವು ತಿಂಗಳು ಕಳೆದು, ಬಾಡಿಗೆ ಚುಕ್ತಾ ಮಾಡಿಯೇ ಅಕ್ಕ ಕೋಣೆ ಬಿಟ್ಟಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ನನ್ನ ಮಾರ್ಕ್ಸ್ ಹೇಳುವ ಗಡಿಬಿಡಿಯಲ್ಲಿದ್ದೆ.

ಈಗ ಆ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಯುತ್ತದೆ. ನಿನ್ನೆ ಅಕ್ಕನ ಹಳೇ ನಂಬರಿಗೆ ಫೋನ್ ಮಾಡಿದೆ. ಬೇರೆ ಯಾರೋ ಎತ್ತಿ, ರಾಂಗ್ ನಂಬರ್ ಎಂದು ಇಟ್ಟರು. ಈ ಸಲ ನನಗೆ ಹೇಳುವುದು ಏನೂ ಇರಲಿಲ್ಲ. ಬರೀ ಕೇಳುವುದಿತ್ತು...