ಲಗ್ನಪತ್ರಿಕೆಯಷ್ಟು ಸಂದು

ನಮ್ಮ ಕಾರಿನ ಮುಂದಿನ ಖಾನೆಯಲ್ಲಿ ಹಳೆಯದೊಂದು ಲಗ್ನಪತ್ರಿಕೆ ಇದೆ. ಅದರಲ್ಲಿ ಹೆಸರಿರುವ ವಧೂವರರು ಯಾರೆಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅವರಿಗೀಗ ಮೊಮ್ಮಕ್ಕಳಾಗಿದ್ದರೂ ಆಶ್ಚರ್ಯವಿಲ್ಲ. ಆದರೂ ಆ ಮದುವೆಯನ್ನು ನಮ್ಮಷ್ಟು ಜತನದಿಂದ ಕಾಪಾಡಿಕೊಂಡು ಬಂದವರು ಬೇರೆ ಇರಲಾರರು. ಏಕೆಂದರೆ ನಮ್ಮ ಕಾರು ಓಡುತ್ತಿದ್ದುದೇ ಆ ಪತ್ರಿಕೆಯ ದಪ್ಪದ ಮೇಲೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ಅಬ್ಬಾರದು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಇಂಥ ಹಳೆಯ ಎಂಜಿನ್ನುಗಳಲ್ಲಿ ಕಿಡಿ ಹುಟ್ಟಿಸಲು ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ತುದಿಗಳಿರುತ್ತವೆ. ಅವು ಕೂಡುತ್ತವೆ, ಅಗಲುತ್ತವೆ. ಕಿಡಿ ಹಾರುವುದು ಕೂಡಿದಾಗಲ್ಲ, ಅಗಲಿದಾಗ. ನನಗೆ ಬಹಳ ಹಿಡಿಸಿದ ಸಂಗತಿಯಿದು. ನಡುವಿನ ಸಂದನ್ನು ಅಳೆಯಲು ಉಕ್ಕಿನ ತೆಳು ಪಟ್ಟಿಗಳು ಅಂಗಡಿಯಲ್ಲಿ ಸಿಗುತ್ತವೆ. ನಮ್ಮ ಮೆಕ್ಯಾನಿಕ್ ಮಲ್ಲಣ್ಣ ಕಾಕಾ ಮಾತ್ರ ಅಲ್ಲಿ ಲಗ್ನಪತ್ರಿಕೆಯನ್ನೇ ತೂರಿಸಿ, ಹಗುರಾಗಿ ಎಳೆದು ನೋಡಿ, ತಲೆಯಾಡಿಸುವವರು.

ಒಮ್ಮೆ ಪತ್ರಿಕೆ ಕೈಗೆ ಸಿಗಲಿಲ್ಲವೆಂದು ಅವರು ಆಗಷ್ಟೇ ಬಂದಿದ್ದ ಇನ್ನೊಂದನ್ನು ಬಳಸಿದರು. ಚಡಚಣದ ದ್ರಾಕ್ಷಿ ತೋಟದವರ ಮಗಳ ಮದುವೆಯದು. ಹಲಗೆಯಂಥ ದಪ್ಪ, ಮೇಲೆ ಬಂಗಾರದ ಬಣ್ಣ. ಊರಾಚೆ ವೇಗ ಹಿಡಿಯುತ್ತಲೇ ಕಾರು ಬಿಕ್ಕಳಿಸತೊಡಗಿತು. ಜನರ ಅನುಕೂಲ ಹೆಚ್ಚಿದಂತೆ ಪತ್ರಿಕೆಗಳೂ ದಪ್ಪವಾಗಿವೆ. ಎಂಜಿನ್ನಿಗೆ ಮಾತ್ರ ಹಳೆಯ ಬಡತನವೇ ಹಿತ.

ಬಿಕ್ಕುವುದನ್ನು ಸಹಿಸಬಹುದು. ನಿಲ್ಲುವುದು ಕಷ್ಟ. ನಾನು ಮುದ್ದೇಬಿಹಾಳದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಪ್ರತಿ ವಾರ ಸಿಂದಗಿ, ಬಸವನ ಬಾಗೇವಾಡಿಗಳ ಮೇಲೆ ಹಾದು ಮನೆಗೆ ಬಂದು ಹೋಗುತ್ತೇನೆ. ಪಾಯಿಂಟ್ ಸುಟ್ಟು ಕಪ್ಪಾದಾಗಲೆಲ್ಲ ಕಾರು ನಿಲ್ಲುತ್ತಿತ್ತು. ಬಾನೆಟ್ ಎತ್ತಿ ಉಜ್ಜಬೇಕಿತ್ತು. ನಮ್ಮ ಕಡೆ ಎತ್ತಿದ ಬಾನೆಟ್ಟೆಂದರೆ ತೆರೆದ ಬಾಗಿಲಿದ್ದಂತೆ. ಸಹಾಯಕ್ಕೆ ನಾಲ್ವರು ಬಂದರೆ ಪ್ರಶ್ನೆಗಳಿಗೆ ಎಂಟು ಜನ. ಯಾರ ಮಗಳು, ಎಷ್ಟು ಓದಿದ್ದು, ಲಗ್ನ ಯಾವಾಗ? ಉತ್ತರ ನನ್ನ ಬಳಿ ಇತ್ತು: ಲಗ್ನ ಸದ್ಯಕ್ಕೆ ಬೇಡ, ಧಾರವಾಡಕ್ಕೆ ಹೋಗಿ ಪಿಎಚ್.ಡಿ. ಮಾಡಬೇಕು. ಆದರೆ ಅಮ್ಮಿಯ ಮುಂದೆಯೇ ಬಾಯಿಬಿಡದ ಮಾತನ್ನು ಸಿಂದಗಿ ದಾರಿಯ ಚಹಾದಂಗಡಿಯ ಗೌರವ್ವನಿಗೆ ಸ್ಕ್ರೂಡ್ರೈವರ್ ಹಿಡಿದುಕೊಂಡು ಹೇಗೆ ಹೇಳಲಿ?

ಅದಕ್ಕೇ ಪಾಯಿಂಟಿನ ಬದಲು ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಇಗ್ನಿಷನ್ ಎಂಬ ಮುಚ್ಚಿದ ಡಬ್ಬಿ ತರಿಸಿದೆ. ಅದರಲ್ಲಿ ಪಾಯಿಂಟೂ ಇಲ್ಲ, ಉಜ್ಜುವ ಕೆಲಸವೂ ಇಲ್ಲ. ಕೇಳಿದವರಿಗೆ ಪೆಟ್ರೋಲು ಉಳಿಯುತ್ತದೆ ಎಂದೆ. ನಿಜವನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ: ನನಗೆ ಬೇಕಾಗಿದ್ದುದು ಪ್ರಶ್ನೆಗಳಿಲ್ಲದ ದಾರಿ.

ಮಲ್ಲಣ್ಣ ಕಾಕಾ ಡಬ್ಬಿಯನ್ನು ತಿರುವಿ ತಿರುವಿ ನೋಡಿದರು. "ಇದಕ್ಕ ಒಂದ ಸ್ಕ್ರೂನೂ ಇಲ್ಲಲ್ಲವಾ! ಪಾಯಿಂಟ ಅಂದ್ರ ಸಾಯೂಕಿಂತ ಮೊದಲ ಕೆಮ್ಮಿ ಹೇಳತೈತಿ. ಇದು ಹೇಳದ ಕೇಳದ ಹೋಗತೈತಿ ನೋಡು."

"ಹೋಗೂದಾದ್ರ ಹಂಗ ಹೋಗಬೇಕು ಬಿಡೋ ಮಲ್ಲಣ್ಣಾ," ಎಂದರು ಅಬ್ಬಾ, "ನಿನ್ನಂಗ ವಾರಗಟ್ಲೆ ಕೆಮ್ಮಕೋಂತ ಕುಂಡ್ರಬಾರದು."

ಮೊದಲ ವಾರ ಎಲ್ಲಿಯೂ ನಿಲ್ಲದೆ ಮುದ್ದೇಬಿಹಾಳ ಮುಟ್ಟಿದೆ. ಎರಡನೆಯ ವಾರವೂ ಹಾಗೆಯೇ. ಮೂರನೆಯ ವಾರ ಅಬ್ಬಾರ ಫೋನು ಬಂತು. "ಏನವಾ, ನಿನ್ನ ಲಗ್ನ ಗಟ್ಟಿ ಆಗೇತಂತಲ್ಲ? ಸಿಂದಗಿಯವ್ರು ಪತ್ರಿಕೆ ಕೇಳಾಕತ್ತಾರ. ಛಾಪಿಸಿದ್ರ ನನಗೂ ಒಂದ ಕೊಡು."

ಹುಡುಗಿ ಈಗ ನಿಲ್ಲುತ್ತಿಲ್ಲ, ನಾಚಿಕೊಂಡಿದ್ದಾಳೆ, ಅಂದಮೇಲೆ ಮಾತುಕತೆ ಮುಗಿದಿರಬೇಕು ಎಂಬುದು ಚಹಾದಂಗಡಿಯ ತರ್ಕ. ನಿಂತಾಗ ಅವರು ನನ್ನನ್ನಾದರೂ ಕೇಳುತ್ತಿದ್ದರು. ನಿಲ್ಲದೆ ಹೋದಾಗ ಉತ್ತರವನ್ನೂ ತಾವೇ ಬರೆದುಕೊಂಡಿದ್ದರು. ಮನುಷ್ಯರ ನಡುವಿನ ಸಂದಿಗೂ ಒಂದು ಅಳತೆ ಇದ್ದೀತು. ನಾನು ಚಡಚಣದ ಪತ್ರಿಕೆ ತೂರಿಸಿದ್ದೆನೆಂದು ತೋರುತ್ತದೆ.

ಆ ಶನಿವಾರ ಊರಿಗೆ ಬರುವಾಗ, ಸೊಗಸಾಗಿ ಓಡುತ್ತಿದ್ದ ಕಾರನ್ನು ಗೌರವ್ವನ ಅಂಗಡಿಯ ಮುಂದೆ ನಾನಾಗಿಯೇ ನಿಲ್ಲಿಸಿದೆ.

"ಯಾವೂರ ಹುಡುಗವಾ?" ಎಂದರು ಗೌರವ್ವ.

"ಹುಡುಗ ಯಾರೂ ಇಲ್ರಿ ಆಯಿ. ಕಾರಿಗೆ ಹೊಸಾ ಡಬ್ಬಿ ಹಾಕಿಸೇನಿ, ಅದಕ್ಕ ನಿಲ್ಲವಲ್ದು."

ಅವರು ನಂಬಲಿಲ್ಲ. ಬಾನೆಟ್ ಎತ್ತಿ ತೋರಿಸಿದೆ. ಚಹಾ ಬಿಟ್ಟು ಬಂದ ಮೂವರೂ ಬಗ್ಗಿ ನೋಡಿದರು.

"ಬಿಚ್ಚು, ಒಳಗ ಏನೈತಿ ನೋಡೂನು," ಎಂದರು ಅವರಲ್ಲೊಬ್ಬರು.

"ಬಿಚ್ಚಾಕ ಬರೂದಿಲ್ರಿ."

"ಮತ್ತ ಒಳಗ ಏನರ ಕೆಟ್ಟರ ಹೆಂಗ ಗೊತ್ತಾಗೂದು?"

"ಗೊತ್ತಾಗೂದಿಲ್ರಿ."

ಗೌರವ್ವ ಒಮ್ಮೆ ಡಬ್ಬಿಯನ್ನು, ಒಮ್ಮೆ ನನ್ನನ್ನು ನೋಡಿದರು. "ಅದಕ್ಕ ನಿನಗ ಸೇರೇತಿ ಬಿಡು."

ಎಲ್ಲರೂ ನಕ್ಕರು. ತಡೆಯಲಾರದೆ ನಾನೂ ನಕ್ಕೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಬಹುಶಃ ಅದಕ್ಕೇ ಇರಬೇಕು, ಚಹಾ ಕುಡಿಯುತ್ತ ಧಾರವಾಡದ ಮಾತನ್ನು ನಾನೇ ಹೇಳಿಬಿಟ್ಟೆ.

ಕಾರು ಎಲ್ಲಿಯೂ ನಿಲ್ಲದೆ ಇಂಡಿ ಮುಟ್ಟಿತು. ಸುದ್ದಿ ಅದಕ್ಕಿಂತ ಮುಂಚೆ ಮುಟ್ಟಿತ್ತು. ಅಮ್ಮಿ ಬಾಗಿಲಲ್ಲೇ ನಿಂತಿದ್ದರು.

"ಧಾರವಾಡದ ಓದು ಎಷ್ಟ ವರ್ಷದ್ದು?" ಎಂದು ಕೇಳಿದರು.