ಹತ್ತು ಅಡಿ ಬಿಟ್ಟ ರೇವಣಪ್ಪ ಕಾಕಾ

ರೇವಣಪ್ಪ ಕಾಕಾ ತಮ್ಮ ಭಾಂಡೆ ಅಂಗಡಿಯ ಮುಂದೆ ಯಾರಾದರೂ ಮೋಟರ್ ಸೈಕಲ್ ನಿಲ್ಲಿಸಿದರೆ, ಹೊಲಕ್ಕೆ ನುಗ್ಗಿದ ದನ ಕಂಡವರಂತೆ ಕೈಯಲ್ಲಿದ್ದ ಸೌಟು ಹಿಡಿದೇ ಓಡಿಬರುತ್ತಿದ್ದರು. "ಇದು ನಡ್ಯಾವ್ರ ಜಾಗಾ ಅದ. ನಿನ್ನ ಗಾಡಿಗಿ ಕಾಲು ಅವ ಏನ್?" ಪಾತ್ರೆ ಮಾರುವ ಮನುಷ್ಯನಿಗೆ ಇಷ್ಟೇಕೆ ಸಿಟ್ಟು ಎಂದು ಹೊಸಬರು ಕೇಳುತ್ತಿದ್ದರು. ಅವರದೇ ಕಟ್ಟಡದಲ್ಲಿ ಬಾಡಿಗೆಗೆ ಔಷಧಿ ಅಂಗಡಿ ಇಟ್ಟ ನನಗೆ ಗೊತ್ತಿತ್ತು.

ಸೇಡಂ ಸೀಮೆಯ ನಮ್ಮ ಊರಿನ ಬಜಾರು ಇಕ್ಕಟ್ಟು. ಸಿಮೆಂಟ್ ಲಾರಿ ಬಂದರೆ ಮಕ್ಕಳನ್ನು ಗಟಾರದ ಅಂಚಿಗೆ ಎಳೆದುಕೊಂಡು ನಿಲ್ಲಬೇಕು. ಕೆಲವು ವರ್ಷಗಳ ಹಿಂದೆ ಪುರಸಭೆಯಿಂದ ಒಂದು ಯೋಜನೆ ಬಂತು: ಅಂಗಡಿಯ ಮುಂದೆ ಹತ್ತು ಅಡಿ ನಡೆಯುವವರಿಗೆ ಬಿಟ್ಟರೆ, ಮೇಲೆ ಒಂದು ಅಂತಸ್ತು ಹೆಚ್ಚಿಗೆ ಕಟ್ಟಲು ಪರವಾನಗಿ. ಅಂಗಡಿಕಾರರ ಸಭೆಯಲ್ಲಿ ಎಲ್ಲರೂ ನೆಲ ನೋಡುತ್ತ ಕೂತಾಗ ಎದ್ದವರು ಕಾಕಾ. "ಮುಂದ ಕೊಟ್ಟು ಮ್ಯಾಲ ತಗೋಳದು. ಇದರಾಗ ಲುಕ್ಸಾನ್ ಏನದರಿ?" ತಮ್ಮ ಗೋಡೆಯನ್ನೇ ಮೊದಲು ಒಡೆಸಿ, ಬಿಟ್ಟ ಜಾಗಕ್ಕೆ ಶಹಾಬಾದ್ ಫರಸಿ ಕಲ್ಲು ಹಾಸಿದರು. ಆಮೇಲೆ ಅಂಗಡಿ ಅಂಗಡಿ ತಿರುಗಿ, ಚಹಾ ಕುಡಿದು ಕುಡಿದು ಪಿತ್ತ ಏರಿಸಿಕೊಂಡು, ಇಡೀ ಸಾಲನ್ನು ಒಪ್ಪಿಸಿದರು. ಅವರಿಗೆ ಬೇಕಿದ್ದುದು ಒಂದೇ: ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ಮಕ್ಕಳು ಲಾರಿಗೆ ಹೆದರದೆ ನಡೆಯಬೇಕು.

ಎಲ್ಲರೂ ಅಂತಸ್ತು ಏರಿಸಿದರು. ಸುಣ್ಣ ಆರುವ ಮೊದಲೇ ಒಬ್ಬರು ಮುಂದೆ ತಗಡಿನ ಪತ್ರಾ ಇಳಿಸಿದರು, ಇನ್ನೊಬ್ಬರು ಕೌಂಟರ್ ಎಳೆದರು. ಪಕ್ಕದ ಮಿಠಾಯಿ ಅಂಗಡಿಯ ಗುರುನಾಥ ಬಿಟ್ಟ ಜಾಗದ ಮೇಲೆ ಕಟ್ಟೆ ಕಟ್ಟಿಸಿ, "ಹಾದಿಮಂದಿ ಕುಂದರ್ಲಿ ಅಂತ ಕಟ್ಟಸೀನ್ರಿ ಕಾಕಾ, ಪುಣ್ಯದ ಕೆಲಸ" ಎಂದ. ಮರುವಾರ ಆ ಪುಣ್ಯದ ಮೇಲೆ ಮಿರ್ಚಿ ಭಜಿಯ ಒಲೆ ಕೂತಿತು.

ಕಾಕಾ ಪುರಸಭೆಯ ಅಧಿಕಾರಿಯೊಬ್ಬರನ್ನು ಕರೆತಂದು ತೋರಿಸಿದರು. "ಜಾಗಾ ಬಿಟ್ಟಿದ್ದಕ್ಕ ಅಂತಸ್ತ ಕೊಟ್ಟೀರಿ. ಈಗ ಜಾಗಾ ನುಂಗ್ಯಾರ, ಅಂತಸ್ತ ಇಳಸ್ರಿ."

"ಕಟ್ಟಿದ್ದು ಹ್ಯಾಂಗ ಇಳಸಬೇಕ್ರಿ? ನೋಟಿಸ್ ಕೊಡ್ತೀವಿ, ತಡೀರಿ" ಎಂದ ಅಧಿಕಾರಿ ಅದೇ ಒಲೆಯ ಭಜಿ ತಿಂದು ಹೋದರು. ನೋಟಿಸು ಬರಲೇ ಇಲ್ಲ. ನನಗಂತೂ ಮೈ ಉರಿದುಹೋಯಿತು. ಪುರಸಭೆ ಕೊಡುವುದನ್ನು ಮೊದಲೇ ಕೊಟ್ಟು, ಪಡೆಯುವುದನ್ನು ಆಮೇಲೆ ನೋಡೋಣ ಎಂದರೆ ಇನ್ನೇನಾಗುತ್ತದೆ?

"ನೀವೂ ಒಂದ್ ಪತ್ರಾ ಹೊಡಸ್ರಿ ಕಾಕಾ. ನಿಮ್ಮೊಬ್ಬರ ಹತ್ತಡಿಯಿಂದ ಏನಾಗ್ತದ?" ಎಂದೆ.

"ನಾ ಹೊಡಸಿದ್ರ, ಅವರಿಗಿ ಯಾವ ಬಾಯಿಲೆ ಬೈಲೋ?"

ಮಕ್ಕಳು ಅವರ ಫರಸಿಯ ಮೇಲೆ ನಾಲ್ಕು ಹೆಜ್ಜೆ ನಡೆದು, ಗುರುನಾಥನ ಕಟ್ಟೆ ಅಡ್ಡ ಬಂದೊಡನೆ ಮತ್ತೆ ಲಾರಿಗಳ ನಡುವೆ ಇಳಿಯುತ್ತಿದ್ದರು. ಅದನ್ನು ನೋಡುವಾಗ ಕಾಕಾ ಗಿರಾಕಿಗಳನ್ನೂ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಈ ಬೇಸಿಗೆಯಲ್ಲಿ ಕಾಕಾ ತೀರಿಹೋದರು. ಮಣ್ಣಿಗೆ ಬಂದ ಮಂದಿಗೆ ಆ ಬಜಾರಿನಲ್ಲಿ ನಿಲ್ಲಲು ಇದ್ದದ್ದು ಅವರು ಬಿಟ್ಟ ಜಾಗವೊಂದೇ. ಗುರುನಾಥನೂ ಅಲ್ಲೇ ನಿಂತು ಅತ್ತ. ಅದು ಸುಳ್ಳು ಅಳುವಲ್ಲ. ಕಣ್ಣೊರೆಸಿಕೊಂಡು ಕಾಕಾನ ಮಗ ಶರಣುವಿನ ಹೆಗಲ ಮೇಲೆ ಕೈಯಿಟ್ಟ.

"ಶರಣು, ಈ ಜಾಗಾ ಹಿಂಗೇ ಖಾಲಿ ಬಿಡ್ತಿ ಏನಪಾ, ಇಲ್ಲಾ ಯಾರಿಗ್ಯರೆ ಬಾಡಿಗಿ ಕೊಡ್ತಿ?"

ಶರಣು ಫರಸಿಯನ್ನೊಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದ.

"ಅಪ್ಪನ ದಿನಾ-ಕರ್ಮಾ ಮುಗೀಲ್ರಿ" ಎಂದ. "ಮಾತಾಡೋಣು."