ಆರುನೂರು ಜನರ ಬೂಟು

ನಗರ ಸ್ವಚ್ಛತಾ ಇಲಾಖೆಯ ಉಗ್ರಾಣದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಅಳತೆ ಅಕ್ಕ ಎಂದೇ. ಸಮವಸ್ತ್ರ, ಕೈಗವಸು, ಏನೇ ತರಿಸುವುದಿದ್ದರೂ ಕೆಲವರನ್ನು ಅಳೆದು, ಎಲ್ಲರಿಗೂ ಯಾವ ಸೈಜು ಎಷ್ಟು ಬೇಕೆಂದು ಹೇಳುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಹೇಳುತ್ತಲೇ ಬಂದಿದ್ದಳು. ಎಲ್ಲರನ್ನೂ ಯಾಕೆ ಅಳೆಯುವುದಿಲ್ಲ ಎಂದು ಯಾರಾದರೂ ಕೆಣಕಿದರೆ, "ಅಷ್ಟೊತ್ತಿಗೆ ಅರ್ಧ ಜನ ರಿಟೈರ್ ಆಗಿರ್ತಾರೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ವರ್ಷ ಬೂಟಿನ ಸರದಿ ಬಂತು. ಇಲಾಖೆಯಲ್ಲಿ ಗುಡಿಸುವವರು ನಾನೂರು, ಹೆಚ್ಚಿನವರು ಹೆಂಗಸರು. ಚರಂಡಿ ಕೆಲಸದವರು ನೂರ ನಲವತ್ತು, ಲಾರಿಗೆ ಕಸ ತುಂಬುವವರು ಅರವತ್ತು. ಒಂದೊಂದು ವಿಭಾಗದಿಂದ ಇಪ್ಪತ್ತು ಜನರನ್ನು ಅಳೆಯಬೇಕೆಂದು ಆದೇಶವಾಯಿತು. ಅಕ್ಕ ಚೀಟಿ ಎತ್ತಿ ಆರಿಸಿದಳು. ರಟ್ಟಿನ ಮೇಲೆ ನಿಲ್ಲಿಸಿ ಹಿಮ್ಮಡಿಯಿಂದ ಹೆಬ್ಬೆರಳಿಗೆ ಗೆರೆ ಎಳೆದಳು. ಲಾರಿಯವರು ಕಚಗುಳಿ ತಾಳದೆ ಕುಣಿದರು. ಹೆಂಗಸರೋ, ಒಡೆದ ಕಾಲು ಕಾಣದಿರಲೆಂದು ಬೆರಳು ಮಡಚಿಕೊಂಡರು.

"ಬೆರಳು ಬಿಡಿ ತಾಯಿ, ಬೂಟಿಗೆ ಕಣ್ಣಿಲ್ಲ" ಎಂದಳು ಅಕ್ಕ.

ಹೊಸದಾಗಿ ಬಂದಿದ್ದ ಉಗ್ರಾಣಾಧಿಕಾರಿಗೆ ಎಲ್ಲವೂ ಬೇಗ ಮುಗಿಯಬೇಕು. ಅಳೆದ ಅರವತ್ತೂ ಜನರ ಅಳತೆಯನ್ನು ಒಂದೇ ಪಟ್ಟಿಗೆ ಸುರಿದರು. "ಐದನೇ ಸೈಜು, ಅದಕ್ಕಿಂತ ಚಿಕ್ಕದು ಸೇರಿ ಹದಿನಾರು ಜನ. ಅಳೆದದ್ದು ಅರವತ್ತು, ಇರೋದು ಆರುನೂರು. ಹತ್ತರಿಂದ ಗುಣಿಸಿ, ನೂರ ಅರವತ್ತು ಜೋಡಿ. ಮುಗೀತಲ್ಲ?"

"ಮುಗೀಲಿಲ್ಲ ಸರ್. ಈ ಹದಿನಾರರಲ್ಲಿ ಹದಿನಾಲ್ಕು ಜನ ಗುಡಿಸೋರು. ನಾನೂರಕ್ಕೆ ಇಪ್ಪತ್ತು ಅಂದ್ರೆ ಅವರು ಒಬ್ಬೊಬ್ರೂ ಇಪ್ಪತ್ತು ಜನರ ಪರವಾಗಿ ನಿಂತಿದಾರೆ. ಲಾರಿಯವರು ಒಬ್ಬೊಬ್ರೂ ಬರೀ ಮೂರು ಜನಕ್ಕೆ. ಇಬ್ಬರಿಗೂ ಒಂದೇ ತೂಕ ಕೊಟ್ರೆ ಹೇಗೆ?"

ಅವರ ಎದುರೇ ಕೂಡಿಸಿದಳು. ಹದಿನಾಲ್ಕು ಇಪ್ಪತ್ತಲೆ ಇನ್ನೂರ ಎಂಬತ್ತು. ಉಳಿದಿಬ್ಬರು ಚರಂಡಿಯವರು, ತಲೆಗೆ ಏಳರಂತೆ ಹದಿನಾಲ್ಕು. ಒಟ್ಟು ಇನ್ನೂರ ತೊಂಬತ್ತನಾಲ್ಕು.

"ಹೆಚ್ಚುಕಡಿಮೆ ಅರ್ಧ ಇಲಾಖೆ ಐದರೊಳಗೇ ಬರುತ್ತೆ ಸರ್. ನಿಮ್ಮ ಲೆಕ್ಕ ಹಿಡಿದ್ರೆ ನೂರಕ್ಕೂ ಮೇಲೆ ಜನ ದೊಡ್ಡ ಬೂಟು ಎಳ್ಕೊಂಡು ಓಡಾಡ್ತಾರೆ."

"ದೊಡ್ಡದಾದ್ರೆ ಬಟ್ಟೆ ತುರುಕಿ ಹಾಕ್ಕೊಳ್ಲಿ ಬಿಡ್ರೀ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಅಮ್ಮನೂ ಬೀದಿ ಗುಡಿಸಿದವಳೇ.

"ನಮ್ಮಮ್ಮ ಹದಿನೆಂಟು ವರ್ಷ ಹಾಗೇ ಹಾಕ್ಕೊಂಡ್ಳು ಸರ್. ಕೊನೆಗೆ ಎರಡು ಹೆಬ್ಬೆರಳಲ್ಲೂ ಉಗುರಿರ್ಲಿಲ್ಲ. ಬೇಕಿದ್ರೆ ನನ್ನ ವರ್ಗ ಮಾಡಿ, ಈ ಪಟ್ಟಿ ಮಾತ್ರ ನಾನು ಬದಲಾಯಿಸಲ್ಲ."

ಅಧಿಕಾರಿ ತಮ್ಮ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವಳದನ್ನು ಎಳೆದುಕೊಂಡರು. ಮನುಷ್ಯ ಅವಸರದವರೇ ಹೊರತು ಕೆಟ್ಟವರಲ್ಲ. ಸಹಿ ಅಕ್ಕನ ಪಟ್ಟಿಗೇ ಬಿತ್ತು.

ಬೂಟು ಹಂಚಿದ ದಿನ ಉಗ್ರಾಣದ ತುಂಬ ರಬ್ಬರಿನ ವಾಸನೆ. ಐದರ ರಾಶಿ ಕರಗುತ್ತ ಬಂದು ಕೊನೆಗೆ ಉಳಿದದ್ದು ನಾಲ್ಕೇ ಜೋಡಿ. ಅಕ್ಕನ ಮುಖ ಊರಗಲವಾಗಿತ್ತು, ಆಗಲಿ ಬಿಡಿ, ಅಷ್ಟಕ್ಕೆ ಅವಳು ಅರ್ಹಳು. ಸಾಲಿನ ಕೊನೆಯಲ್ಲಿ ಬಂದವಳು ಗುಡಿಸುವ ವಿಭಾಗದ ಪುಟ್ಟ ಹೆಂಗಸು. ಜೊತೆಯವರು ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಅಳೆದ ಅರವತ್ತರಲ್ಲಿ ಅತಿ ಚಿಕ್ಕದು ಮೂರನೇ ಸೈಜು, ತರಿಸಿದ್ದೂ ಅಲ್ಲಿಂದಲೇ. ಗುಬ್ಬಿಯದು ಎರಡು.

"ಮೂರರಲ್ಲೇ ಹೊಂದಿಸ್ಕೊತೀನಿ ಅಕ್ಕ" ಎಂದು ಅವಳು ಬೂಟು ಹಾಕಿ ನೋಡುವ ಬೆಂಚಿನಿಂದ ಏಳಹೊರಟಳು.

ಅಧಿಕಾರಿ ನಕ್ಕರು. "ಆರುನೂರರಲ್ಲಿ ಒಬ್ರು ತಾನೇ? ನಿಮ್ಮ ಅಂದಾಜು ಗೆದ್ದ ಹಾಗೇ ಬಿಡಿ."

"ಅಂದಾಜು ಗೆಲ್ತು ಸರ್. ಇವರ ಕಾಲಿಗೆ ಬೂಟು ಬರ್ಲಿಲ್ಲ."

ಎರಡನೇ ಸೈಜು, ಒಂದು ಜೋಡಿ ಎಂದು ಚೀಟಿ ಬರೆದು ಅವರ ಮುಂದಿಟ್ಟಳು. ಸಹಿ ಬೀಳುವವರೆಗೂ ಗುಬ್ಬಿಯ ಭುಜ ಅದುಮಿ ಹಿಡಿದು, ಬೆಂಚಿನಿಂದ ಏಳಲು ಬಿಡಲಿಲ್ಲ.